ಖಾಲಿ ಬಿಟ್ಟ ಸ್ಲಾಟ್

ಸೋಲಾಪುರದ ಉಳ್ಳಾಗಡ್ಡಿ ಹರಾಜಿನ ಸಾಫ್ಟ್‌ವೇರ್ ನಡೆಸುವ ನಮ್ಮ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವರು ಹೋಟಗಿಯ ಒಬ್ಬ ಅಕ್ಕ. ಡಬ್ಬಿಯಲ್ಲಿ ದಿನವೂ ಒಂದು ಜೋಳದ ಭಕ್ರಿ ಹೆಚ್ಚಿಗೆ ತರುತ್ತಿದ್ದರು. “ಬರೋರಿಗೊಂದು ಇರ್ಲಿ” ಎನ್ನುತ್ತಿದ್ದರು. ಸರ್ವರಿನೊಳಗೆ ಸಾಫ್ಟ್‌ವೇರಿನಲ್ಲೇ ತಾವು ಕಟ್ಟಿದ ಪ್ರತಿ ವರ್ಚುವಲ್ ಮಷಿನ್ನಿನಲ್ಲೂ ಅದೇ ಮಾತು ಹೇಳಿ, ಮಷಿನ್ ಶುರುವಾದ ಮೇಲೆ ಸ್ಲಾಟ್ ಸೇರಿಸಲಾಗದೆಂದು, ಮುಂದೆಂದೋ ಬರುವ ಡಿಸ್ಕಿಗಾಗಿ ಒಂದನ್ನು ಮೊದಲೇ ಖಾಲಿ ಬಿಡುತ್ತಿದ್ದರು. ನಾವು ನಗುತ್ತಿದ್ದೆವು.

ಒಂದು ದಿನ ಹರಾಜು ಕಾವೇರಿದ ಹೊತ್ತಿಗೇ ಅದನ್ನು ನಡೆಸುವ ಮಷಿನ್ನಿನ ಡಿಸ್ಕ್ ತುಂಬುತ್ತ ಬಂತು. ಕಿಟಕಿಯಾಚೆ ಹರಾಜಿನ ಅಂಗಳ, ಅದರ ಗೇಟಿನಾಚೆ ಉಳ್ಳಾಗಡ್ಡಿ ಟೆಂಪೋಗಳ ಸಾಲು.

“ಮಷಿನ್ ಬಂದ್ ಮಾಡಿ ಹೊಸಾ ಡಿಸ್ಕ್ ಹಾಕೂಣೇನ್ರಿ ಅಕ್ಕಾರ?” ಎಂದೆ.

“ಉಣ್ಣಾಕ ಕುಂತೋರನ್ನ ಎಬ್ಬಿಸಿ ಹೊಸಬರನ್ನ ಕೂಡಸ್ತಾರೇನೋ ತಮ್ಮಾ?”

ಬೆರಳಿನ ನೆಟಿಗೆ ಚಟಚಟನೆ ಮುರಿದು, ಓಡುತ್ತಿದ್ದ ಮಷಿನ್ನಿನ ಆ ಖಾಲಿ ಸ್ಲಾಟಿಗೆ ಹೊಸ ವರ್ಚುವಲ್ ಡಿಸ್ಕ್ ಜೋಡಿಸಿದರು. ಪರದೆಯ ಮೇಲೆ ಡಿಸ್ಕಿನ ಹೆಸರು ಟಕ್ಕನೆ ಮೂಡಿತು! ಹೊರಗೆ ಹರಾಜಿನ ಕೂಗು ಒಂದು ಕ್ಷಣವೂ ನಿಂತಿರಲಿಲ್ಲ.

“ಗೆದ್ವಿ ಅಕ್ಕಾರ! ಚಾ ಕುಡ್ಯೂಣು ಬರ್ರಿ!” ನಾನು ಕುಣಿದೇಬಿಟ್ಟೆ.

“ಥಾಂಬ, ಥಾಂಬ, ಸ್ವಲ್ಪ ತಡಿಯೋ,” ಎಂದರು ಅಕ್ಕ, ತಲೆ ಎತ್ತದೆ. ಮುಂದಿನ ಸಲ ಮಷಿನ್ ಶುರುವಾದಾಗ ಇನ್ನೊಂದು ಸ್ಲಾಟ್ ಖಾಲಿ ಇರುವಂತೆ ಆಗಲೇ ಬರೆಯುತ್ತಿದ್ದರು.