ಗೃಹಪ್ರವೇಶಕ್ಕೆ ಬಂದ ಜಪಾನಿ ಪೂಜಾರಿ

ಹಿತ್ತಲಾಚೆಯ ಮನೆಯವರು ಭಾನುವಾರ ಮಾಂಸ ಸುಡಲು ಪಿಕಾನ್ ಕಟ್ಟಿಗೆ ಹಚ್ಚಿದ್ದರು. ಆ ಸಿಹಿ ಹೊಗೆ ಕಿಟಕಿಯಿಂದ ಒಳಗೆ ಬಂದಾಗ, ಎಪ್ಪತ್ತರ ದಶಕದಲ್ಲಿ ಹೂಸ್ಟನ್‌ನ ಈ ಮನೆ ಕಟ್ಟಿಸುವಾಗ ಪಕ್ಕದಲ್ಲಿದ್ದ ಜಪಾನಿ ಮುದುಕರೊಬ್ಬರು ನೆನಪಾದರು...

ಅವರು ಹುಟ್ಟಿದ್ದು ಅರಸು ಮನೆತನದ ನೆಂಟಸ್ತಿಕೆಯಿದ್ದ ಕುಲದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿರುದು ಹೋಯಿತು. ಕಾಡಿನ ಕೆಲಸ ಹಿಡಿದು ಮರ ಕಡಿಸಿದರು. ಅದನ್ನೂ ಬಿಟ್ಟು ಅವರ ಶಿಂಟೋ ಧರ್ಮದ ಗುಡಿಯೊಂದರಲ್ಲಿ ಪೂಜಾರಿಯಾದರು. ಕೊನೆಗೆ ಮಗಳ ಮನೆಗೆ ಬಂದು ಕೂತರು. ಯಾವುದನ್ನೂ ನೆಟ್ಟಗೆ ಮುಗಿಸದ ಮನುಷ್ಯ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ನಾನು ಐದಕ್ಕೆ ಎದ್ದು ಏಳಕ್ಕೆ ಡ್ಯೂಟಿಗೆ ಹೊರಡುವವನು. ಅವರಿಗೆ ಒಂದು ಲೋಟ ಚಹಾ ಮಾಡಿಕೊಳ್ಳಲೂ ಬರುತ್ತಿರಲಿಲ್ಲ.

ಆಗ ನಮ್ಮ ಕಡೆಯ ಪುರೋಹಿತರು ಊರಲ್ಲಿ ಒಬ್ಬರೂ ಇರಲಿಲ್ಲ.

"ಪೂಜೆ ಇಲ್ಲದ ಮನೆಗೆ ನಾನು ಕಾಲಿಡಲ್ಲ," ಎಂದಳು ಹೆಂಡತಿ. "ಪಕ್ಕದವರೂ ಪೂಜಾರಿಗಳೇ ತಾನೇ ರೀ? ಅವರನ್ನೇ ಕರೀರಿ."

ಮೈಸೂರಿನಿಂದ ಅತ್ತೆ ಮುಹೂರ್ತ ಬರೆದು ಕಳಿಸಿದ್ದರು. ಶುಕ್ರವಾರ, ಹತ್ತೂವರೆಗೆ ರಾಹುಕಾಲ ಹುಟ್ಟುವ ಮೊದಲು ಒಳಗಿರಬೇಕು.

ಬಿಳಿ ನಿಲುವಂಗಿ ತೊಟ್ಟ ಮುದುಕರು ಒಂಬತ್ತಕ್ಕೇ ಬಂದರು. ಆದರೆ ಬಾಗಿಲಿಗೆ ಬರಲಿಲ್ಲ. ಗ್ಯಾರೇಜಿಗಾಗಿ ಮರುದಿನ ಕಡಿಸಬೇಕಿದ್ದ ಪಿಕಾನ್ ಮರದ ಬುಡದಲ್ಲಿ ಉಪ್ಪು, ಅಕ್ಕಿ ಇಟ್ಟು, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಏನೋ ಓದತೊಡಗಿದರು. ಹತ್ತು ಗಂಟೆಯಾಯಿತು. ಹತ್ತೂಕಾಲಾಯಿತು. ಹಾಲಿನ ಪಾತ್ರೆ ಹಿಡಿದ ಹೆಂಡತಿ ಹೊಸ್ತಿಲ ಹೊರಗೆ ನಿಂತೇ ಇದ್ದಳು.

"ಸರ್, ಮನೆ ಆ ಕಡೆ ಇದೆ," ಎಂದೆ.

"ಮೊದಲು ಈ ಮರವನ್ನ ಕೇಳಬೇಕು."

"ಹೀಗೇ ಕೇಳಿ ಕೇಳಿ ಎಷ್ಟು ಸಾವಿರ ಮರ ಕಡಿಸಿದ್ರಿ? ಒಂದಾದ್ರೂ ಬೇಡ ಅಂದಿತಾ?"

"ಒಂದೂ ಅನ್ನಲಿಲ್ಲ. ಅದಕ್ಕೇ ಆ ಕೆಲಸ ಬಿಟ್ಟೆ," ಎಂದವರು, ನಾನು ಮಧ್ಯೆ ಮಾತಾಡಿಸಿದ್ದಕ್ಕೆ ಮತ್ತೆ ಮೊದಲಿನಿಂದ ಓದಲು ಶುರುಮಾಡಿದರು!

ಹತ್ತೂವರೆಗೆ ಎರಡು ನಿಮಿಷವಿತ್ತು. "ನಡಿಯೇ ಒಳಗೆ," ಎಂದೆ. ಹೆಂಡತಿ ಮರದತ್ತ ತಿರುಗಿ ತಲೆಬಾಗಿ, ಬಲಗಾಲಿಟ್ಟು ಒಳಗೆ ಹೋದಳು.

ಮರುದಿನ ಮರ ಕಡಿಸಿದೆ. ಮುದುಕರು ಬಂದು ಅದರ ತುದಿಯ ರೆಂಬೆಯೊಂದನ್ನು ಉಳಿದ ಬೊಡ್ಡೆಯಲ್ಲಿ ಸಿಕ್ಕಿಸಿ ಹೋದರು; ಕಡಿದ ಮರಕ್ಕೆ ಋಣ ಸಲ್ಲಿಸುವ ಪದ್ಧತಿಯಂತೆ ಅವರಲ್ಲಿ. ಅದನ್ನೂ ಕಿತ್ತೆಸೆದೆ. ಆಮೇಲೆ ನಮ್ಮಿಬ್ಬರಿಗೆ ಮಾತುಕತೆ ನಿಂತಿತು. ಮುಂದೆ ಅವರ ಮಗಳು ಅವರನ್ನೂ ಕರೆದುಕೊಂಡು ಆಸ್ಟಿನ್‌ಗೆ ಶಿಫ್ಟ್ ಆದಳು. ಮುದುಕರು ಅಲ್ಲೇ ತೀರಿಕೊಂಡರಂತೆ... ನಾನು ಹೋಗಲಿಲ್ಲ.

"ನಮ್ಮ ಗೃಹಪ್ರವೇಶ ಮಾಡಿಸಿದ್ದು ಜಪಾನಿನ ರಾಜರು," ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. "ಮಾಡಿಸಿದ್ದು ಮರಕ್ಕೆ ಕಣೇ, ಮನೆಗಲ್ಲ," ಎಂದು ಪ್ರತಿಸಲವೂ ತಿದ್ದುತ್ತಿದ್ದೆ.

ಈಗ ಇಲ್ಲಿ ಪುರೋಹಿತರು ಬೇಕಾದಷ್ಟಿದ್ದಾರೆ. ಹೇಳಿದ ಗಂಟೆಗೆ ಬರುತ್ತಾರೆ. ಹೋದ ವರ್ಷ ಹೆಂಡತಿಯ ವೈಕುಂಠ ಸಮಾರಾಧನೆಗೆ ಬಂದವರು ಇಪ್ಪತ್ತು ನಿಮಿಷ ಮೊದಲೇ ಮುಗಿಸಿ ಹೊರಟರು. ಆ ಇಪ್ಪತ್ತು ನಿಮಿಷ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.