ನಾನು ಓದಿದೆ ಎಂದ ಪುಸ್ತಕ

ಸತ್ತವರು ತಿರುಗಿ ಬಂದ ಕಥೆಯನ್ನು ಯಾರಾದರೂ ಹೇಳಿದರೆ ನಾನು ಮಗ್ಗದ ಕುಣಿಯಲ್ಲಿ ಕೂತಲ್ಲಿಂದಲೇ ನಗುತ್ತಿದ್ದೆ. ಇಂದಿಗೂ ಅಂಥದ್ದನ್ನು ನಂಬಿದ್ದೇನೆ ಎಂದು ಹೇಳಲಾರೆ. ಆದರೆ ಎಪ್ಪತ್ತರ ದಶಕದ ಕೊನೆಗೆ, ಗದಗಿನಲ್ಲಿ ಹಾಡುಹಗಲೇ ನನಗಾದ ಒಂದು ಅನುಭವವನ್ನು ಹೇಳದೆ ಇರಲೂ ಆಗುತ್ತಿಲ್ಲ. ಅದನ್ನು ಹೇಳಬೇಕಾದರೆ ನನ್ನದೊಂದು ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕು.

ನಾವು ಬೆಟಗೇರಿಯ ನೇಕಾರರು. ನಾಲ್ಕನೇ ಇಯತ್ತೆಗೆ ನನ್ನ ಶಾಲೆ ಮುಗಿಯಿತು. ತಂಗಿ ರುಕ್ಮವ್ವ ಏಳನೆಯವರೆಗೆ ಓದಿದಳು. ನಾನು ಸೀರೆ ನೇಯುವಾಗ ಅವಳು ಪಕ್ಕದಲ್ಲಿ ಕೂತು ಕಥೆ ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋದ ಮೇಲೂ ಆ ಹುಚ್ಚು ಬಿಡಲಿಲ್ಲ. ಗದಗಿನಲ್ಲಿ ನಿವೃತ್ತ ಮಾಸ್ತರರೊಬ್ಬರು ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಇಟ್ಟಿದ್ದರು. ಸೀರೆ ಗಂಟು ಹೊತ್ತು ಹದಿನೈದು ದಿನಕ್ಕೊಮ್ಮೆ ಲಕ್ಷ್ಮೇಶ್ವರಕ್ಕೆ ಹೋಗುವ ನಾನೇ ಅವಳಿಗೆ ಅಲ್ಲಿಂದ ಪುಸ್ತಕ ಒಯ್ಯುತ್ತಿದ್ದೆ.

ಯಾರಿಗೆ ಯಾವ ಪುಸ್ತಕ ಹಿಡಿಸುತ್ತದೆ ಎಂದು ಅವಳಿಗೆ ಹೇಗೋ ತಿಳಿಯುತ್ತಿತ್ತು. ಓಣಿಯ ಹೆಂಗಸರನ್ನು ಎರಡು ಮೂರು ಮಾತು ಕೇಳುವಳು, ಅಷ್ಟೇ. ನಿದ್ದೆ ಬಾರದ ಮುದುಕಿಗೆ ಮಾಯಾಲೋಕದ ಕಥೆ, ಅತ್ತೆಯ ಕಾಟವಿದ್ದವಳಿಗೆ ಪತ್ತೇದಾರಿ, ಗಂಡನಿಗೆ ಹೆದರುವವಳಿಗೆ ದೆವ್ವದ ಕಾದಂಬರಿ. ಪುಸ್ತಕದೊಳಗೆ ಚೀಟಿ ಇಟ್ಟು, ಇದು ಇಂಥವರಿಗೆ ಕೊಡ್ರಿ ಎಂದು ಮಾಸ್ತರರಿಗೂ ತಿಳಿಸುವಳು. ಅವಳನ್ನು ಒಮ್ಮೆಯೂ ಕಾಣದ ಮಾಸ್ತರರು ಆ ಚೀಟಿಗಳನ್ನು ಓದಿ ನಗುತ್ತಿದ್ದರು.

ನನ್ನನ್ನೂ ಬಿಡಲಿಲ್ಲ. "ಇಷ್ಟ ದಿನ ಕೇಳಿದ್ದು ಸಾಕು, ಇನ್ನ ನೀನ ಓದು. ಇದು ದೆವ್ವದ್ದೈತಿ" ಎನ್ನುವಳು.

"ದೆವ್ವ ನನ್ನಂಗ ಐತೇನ?"

"ಇಲ್ಲ, ಅದಕ್ಕ ಓದಾಕರ ಬರ್ತೈತಿ."

ಅಕ್ಷರ ಕೂಡಿಸಿ ಓದಲು ನನಗೂ ಬರುತ್ತಿತ್ತು. ಆದರೆ ಒಂದು ಪುಟಕ್ಕೆ ಅರ್ಧ ತಾಸು ಬೇಕು. ಅದಕ್ಕೆ ಪುಸ್ತಕ ತಿರುಗಿ ಕೊಡುವಾಗ ಮಾಸ್ತರರನ್ನೇ "ಇದರಾಗಿನ ಕಥಿ ಏನ್ರಿ?" ಎಂದು ಕೇಳುತ್ತಿದ್ದೆ. ಅವರು ನಾಲ್ಕು ಮಾತಿನಲ್ಲಿ ಹೇಳುವರು. ಮುಂದಿನ ಸಲ ಅದನ್ನೇ ತಂಗಿಗೆ ಒಪ್ಪಿಸಿ, ಓದಿದೆ ಎನ್ನುತ್ತಿದ್ದೆ. ಅವಳ ಮುಖ ಅರಳುತ್ತಿತ್ತು. ಆ ಖುಷಿಗಾಗಿ ಸುಳ್ಳು ಹೇಳಿದೆ ಎಂದರೆ ಅದೂ ಪೂರ್ತಿ ನಿಜವಲ್ಲ. ಸೋಮಾರಿತನವೂ ಇತ್ತು.

ಒಂದು ಸಲ ಪಾತಾಳಕ್ಕೆ ಇಳಿದ ರಾಜಕುಮಾರಿಯ ಪುಸ್ತಕ ಕೊಟ್ಟು, "ಅಣ್ಣಾ, ಇದನ್ನ ಯಾರಿಗೂ ಕೊಡಬ್ಯಾಡ. ಮೊದಲ ನೀ ಓದು" ಎಂದಳು. ನಾನು ಅದೇ ಸಂಜೆ ಅದನ್ನು ಮಾಸ್ತರರಿಗೆ ಮುಟ್ಟಿಸಿ ಕಥೆ ಕೇಳಿಕೊಂಡೆ.

ಹದಿನೈದು ದಿನ ಬಿಟ್ಟು ಹೋದಾಗ ಬಾಗಿಲಲ್ಲೇ ನಿಂತಿದ್ದಳು.

"ಓದಿದಿ?"

"ಓದಿದೆ. ರಾಜಕುಮಾರಿ ತಿರುಗಿ ಬರ್ತಾಳ."

"ಕಡೀ ಹಾಳಿ ಮಟ ಓದಿದೇನ?"

"ಕಡೀ ಹಾಳಿ ಮಟ. ಚಲೋ ಐತಿ."

ಅವಳು ಸ್ವಲ್ಪ ಹೊತ್ತು ಕಾದಳು. ನಾನು ಚಹಾ ಕೇಳಿದೆ. "ಆತು ಬಿಡು" ಎಂದು ಒಳಗೆ ಹೋದಳು. ಆಮೇಲೆ ನನಗೆ ಯಾವ ಪುಸ್ತಕವನ್ನೂ ಓದು ಎನ್ನಲಿಲ್ಲ.

ಅವಳ ಎದೆಯಲ್ಲಿ ಗಂಟಾಗಿದೆ ಎಂದು ನಮಗೆ ತಿಳಿಯುವಷ್ಟರಲ್ಲಿ ಮತ್ತೆ ಆರು ತಿಂಗಳು ಕಳೆದಿತ್ತು. ಹುಬ್ಬಳ್ಳಿಯ ಡಾಕ್ಟರು, ತಡವಾಯಿತು ಎಂದರು. ನಾನು ಮಂಚದ ಪಕ್ಕ ನಿಂತು ಸಿಟ್ಟಿನಿಂದಲೇ, "ಮೊದಲ ನನಗ ಹೇಳಬಾರದಿತ್ತೇನ?" ಎಂದೆ. ಅವಳು ನನ್ನನ್ನು ನೋಡಿದಳು. ಗೋಡೆಯ ಕಡೆ ಹೊರಳಿದಳು. ಎಂಟು ದಿನಕ್ಕೆ ತೀರಿಕೊಂಡಳು.

ಮೂರು ತಿಂಗಳು ನಾನು ಮಾಸ್ತರರ ಅಂಗಡಿಯ ಕಡೆ ಸುಳಿಯಲಿಲ್ಲ. ಅವರಿಗೆ ಸುದ್ದಿಯನ್ನೂ ತಿಳಿಸಿರಲಿಲ್ಲ. ಅವಳ ಮನೆಯಲ್ಲಿ ಉಳಿದಿದ್ದ ಒಂದು ಪುಸ್ತಕ ಕೊಟ್ಟುಬರಲು ಒಂದು ಮಧ್ಯಾಹ್ನ ಹೋದೆ. ನನ್ನನ್ನು ಕಂಡೊಡನೆ ಮಾಸ್ತರರು, "ತಡಾ ಮಾಡಿದಿ ನೋಡು. ನಿನ್ನ ತಂಗಿ ಈಗ ಎದ್ದು ಹೋದ್ಲು" ಎಂದರು.

ಬಳೆ ವ್ಯಾಪಾರದ ಸಾಹೇಬರೊಬ್ಬರು ದೆವ್ವದ ಕಾದಂಬರಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. "ಭಾಳ ಶಾಣ್ಯಾ ಹುಡುಗಿರಿ. ಮೂರ ಮಾತು ಕೇಳಿ, ನಿಮಗ ಇದ ಬರೋಬ್ಬರಿ ಅಂತ ತಗದ ಕೊಟ್ಲು. ನಾವು ಕೈ ನೋಡಿ ಬಳಿ ತಗೀತೀವಲ್ಲ, ಹಂಗ" ಎಂದು ನಕ್ಕರು.

"ಆಕಿನ್ನ ನೀವು ನೋಡೇ ಇಲ್ಲಲ್ರಿ, ಹೆಂಗ ಗುರುತು ಹಿಡಿದ್ರಿ?" ಎಂದು ಮಾಸ್ತರರನ್ನು ಕೇಳಿದೆ.

"ಆಕಿನ ಹೇಳಿದ್ಲಪ್ಪ, ಬೆಟಗೇರಿ ಸೀರಿ ಅಣ್ಣನ ತಂಗಿ ಅಂತ. ಎಡಗಡೆ ಹುಬ್ಬಿನ ಮ್ಯಾಲ ಕಲೆ ಐತಲ್ಲ, ಆಕಿನ ಹೌದಲ್ಲೋ?"

ಆ ಕಲೆ, ಅವಳು ಚಿಕ್ಕವಳಿದ್ದಾಗ ನನ್ನ ಮಗ್ಗದ ಲಾಳಿ ಹಾರಿ ಬಡಿದು ಆದದ್ದು. ಅದನ್ನು ನಾನು ಆ ಅಂಗಡಿಯಲ್ಲಿ ಯಾವತ್ತೂ ಹೇಳಿರಲಿಲ್ಲ.

ಮಾಸ್ತರರು ಮೇಜಿನ ಮೇಲಿದ್ದ ಪುಸ್ತಕವೊಂದನ್ನು ನನ್ನ ಕಡೆ ಸರಿಸಿದರು. ಅದೇ ರಾಜಕುಮಾರಿಯದು. "ಅಣ್ಣ ಬಂದ್ರ ಇದನ್ನ ಕೊಡ್ರಿ, ಕಥಿ ಮಾತ್ರ ನೀವು ಹೇಳಬ್ಯಾಡ್ರಿ ಅಂದ್ಲು."

ನಿಂತಲ್ಲಿಯೇ ಕಡೆಯ ಹಾಳೆ ತೆಗೆದೆ. ಕಥೆ ಮುಗಿದ ಜಾಗದ ಕೆಳಗೆ ಪೆನ್ಸಿಲಿನಲ್ಲಿ ಅವಳ ಅಕ್ಷರ. ಬೆರಳಿಟ್ಟು ಕೂಡಿಸಿ ಓದಿದೆ.

"ಅಣ್ಣಾ, ಎದಿಯೊಳಗ ಗಂಟಾಗೇತಿ. ಬಾಯಿಲೆ ನಿನ್ನ ಮುಂದ ಹೇಳಾಕ ನಾಚಿಕಿ. ಕಾರ್ಡಿಗೆ ಬರದ್ರ ಎಲ್ಲಾರೂ ಓದ್ತಾರ. ಇವರು ಲೇಪ ಹಚ್ಚಸ್ಯಾರ, ಇಳೀವಲ್ದು. ದೊಡ್ಡ ದವಾಖಾನಿಗೆ ಕರಕೊಂಡು ಹೋಗು. ನನಗ ಏನೂ ಕೇಳಬ್ಯಾಡ. ಬಾ ಅನ್ನು, ಬರ್ತೀನಿ."

ತಂಗಿ ಸತ್ತ ಸುದ್ದಿಯನ್ನು ನಾನು ಹೇಳಿದಾಗ ಮಾಸ್ತರರು ನಂಬಲಿಲ್ಲ. ಸಾಹೇಬರು ಎದ್ದು ರಸ್ತೆಗೆ ಹೋಗಿ ಎರಡೂ ಕಡೆ ನೋಡಿ ಬಂದರು. ನಾನು ತಿರುಗಿ ಕೊಟ್ಟ ದಿನದಿಂದ ಆ ಪುಸ್ತಕವನ್ನು ಯಾರೂ ಒಯ್ದಿರಲಿಲ್ಲ ಎಂದು ಮಾಸ್ತರರು ಬಾಡಿಗೆಯ ಲೆಕ್ಕದ ವಹಿ ನೋಡಿ ಹೇಳಿದರು. ಲಕ್ಷ್ಮೇಶ್ವರದ ಅವಳ ಓಣಿಯಲ್ಲೂ ವಿಚಾರಿಸಿದೆ. ಆ ದಿನ ಅಲ್ಲಿಂದ ಯಾವ ಹೆಂಗಸೂ ಗದಗಿಗೆ ಬಂದಿರಲಿಲ್ಲ.

ಇಷ್ಟು ವರ್ಷ ಯೋಚಿಸಿದರೂ ನನಗೆ ಉತ್ತರ ಸಿಕ್ಕಿಲ್ಲ. ಬಂದವಳು ಅವಳಲ್ಲವಾದರೆ, ಅಣ್ಣ ಎಲ್ಲವನ್ನೂ ಓದಿಯೂ ಚಹಾ ಕುಡಿದು ಎದ್ದು ಹೋದ ಎಂದೇ ತಿಳಿದು ನನ್ನ ತಂಗಿ ಸತ್ತಳು. ಅವಳೇ ಬಂದಿದ್ದರೆ, ನಾನು ಓದಿರಲಿಲ್ಲ ಎಂಬುದು ಅವಳಿಗೆ ಈಗ ಗೊತ್ತು. ಅವಳೇ ಆಗಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ಅಣ್ಣ ಸುಳ್ಳುಗಾರ ಎಂದಷ್ಟೇ ಅವಳಿಗೆ ಗೊತ್ತಾಗಿದ್ದರೂ ಸಾಕು.