ಬಿಲದ ಮೀನಿನ ಮನೆ

ಬೆಳಗಾಗುವ ಮೊದಲು ವಿಜಯಶ್ರೀ ಮಾಡಿ ಮುಗಿಸಬೇಕಾದ ಕೆಲಸಗಳು ಇವು. ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿರುವ ಸಣ್ಣ ಫ್ರಿಜ್ಜಿನಿಂದ ಸಿಗಡಿಯ ಪೊಟ್ಟಣ ತೆಗೆದು ಒಂದು ಚೂರು ಮುರಿದು ನೀರಿಗೆ ಹಾಕುವುದು. ಅದು ಕರಗುವಷ್ಟರಲ್ಲಿ ಪಡಸಾಲೆಗೆ ಬಂದು, ಮೀನಿನ ಗಾಜಿನ ತೊಟ್ಟಿಯ ಅಂಚಿಗೆ ಕಟ್ಟಿದ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಆವಿಯಾಗಿ ಹೋದಷ್ಟು ನೀರನ್ನು ತಂಬಿಗೆಯಿಂದ ತುಂಬುವುದು, ತಂಬಿಗೆ ಗಾಜಿಗೆ ತಾಗದಂತೆ. ಬಕೆಟ್ಟಿನಲ್ಲಿ ಸಮುದ್ರದ ಉಪ್ಪು ಕದಡಿ, ಉಪ್ಪಿನ ಹದ ಅಳೆಯುವ ಕೊಳವೆಯನ್ನು ದೀಪದ ಬೆಳಕಿಗೆ ಹಿಡಿದು ನೋಡುವುದು. ಸೋಸುವ ಚೀಲ ತೊಳೆಯುವುದು. ಸಿಗಡಿಯನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿ ಮೀನಿಗೆ ಹಾಕುವುದು. ಆ ಈಳಿಗೆಯನ್ನು ಹಿತ್ತಲಲ್ಲೇ ತೊಳೆದು ಹಿತ್ತಲಲ್ಲೇ ಬಿಡುವುದು. ತಲೆ ಮೇಲೆ ನೀರು ಹಾಕಿಕೊಂಡು ಸ್ನಾನ ಮಾಡುವುದು, ಸೀರೆ ಬದಲಿಸುವುದು. ಲಿಂಗಪೂಜೆಯ ಮನೆಯಲ್ಲಿ ಸಿಗಡಿ ಮುಟ್ಟಿದ ಕೈ ಒಲೆ ಮುಟ್ಟುವಂತಿಲ್ಲ. ಆಮೇಲೆ ಅಂಗಳ ಗುಡಿಸಿ, ರಂಗೋಲಿ ಹಾಕಿ, ಗಂಡನಿಗೆ ಬಿಸಿನೀರು ಕಾಯಿಸುವುದು. ಇಷ್ಟಾದ ಮೇಲೆ ಮನೆಯವರು ಏಳುತ್ತಾರೆ, ಆಗ ದಿನದ ಕೆಲಸ ಶುರುವಾಗುತ್ತದೆ.

ಸಿಂದಗಿಯಲ್ಲಿ ಪಂಪುಸೆಟ್ಟಿನ ಅಂಗಡಿ ಇಟ್ಟ ಗಂಡ ಸುನೀಲಕುಮಾರನಿಗೆ ಸಮುದ್ರದ ಹುಚ್ಚು ಹಿಡಿದದ್ದು ಮುಂಬೈಯಲ್ಲಿ ಯಾರದೋ ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ನೋಡಿ ಬಂದ ಮೇಲೆ. ತೊಟ್ಟಿ ಬಂತು, ನೀರು ತಂಪಾಗಿಡುವ ಯಂತ್ರ ಬಂತು, ಕರೆಂಟು ಹೋದರೆ ಅಂತ ಇನ್ವರ್ಟರ್ ಬಂತು. ಇನ್ವರ್ಟರಿನ ತಂತಿ ತೊಟ್ಟಿಗೆ ಮಾತ್ರ ಹೋಗಿದೆ. ಬೇಸಿಗೆಯಲ್ಲಿ ಕರೆಂಟು ಹೋದಾಗ ಅಡಿಗೆ ಮನೆಯಲ್ಲಿ ವಿಜಯಶ್ರೀ ಬೆವರಿನಲ್ಲಿ ತೊಯ್ಯುತ್ತಾಳೆ, ಮೀನುಗಳು ತಂಪಾಗಿರುತ್ತವೆ. ಸಿಗಡಿಯನ್ನು ಮಾತ್ರ ಸುನೀಲಕುಮಾರ ಮುಟ್ಟುವುದಿಲ್ಲ. ಮೊದಲ ದಿನವೇ ಹೇಳಿದ್ದ, "ಪೂಜಾ ಮಾಡೂ ಕೈ ನಂದು." ವಿಜಯಶ್ರೀಯ ಕೊರಳಿನಲ್ಲೂ ಲಿಂಗವಿತ್ತು. ಅದನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳಲಿಲ್ಲ.

ಆ ತೊಟ್ಟಿಯಲ್ಲಿ ಅವನ ಪ್ರಾಣವೆಂದರೆ ಜೋಡಿ ಟೈಲ್‌ಫಿಶ್. ನೇರಳೆ ಮೈ, ಬಾಲದಲ್ಲಿ ಕೆಂಪು ಗೆರೆ, ಗೇಣಿಗಿಂತ ಚಿಕ್ಕವು. ತಳದ ಹವಳದ ಚೂರುಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ತಂದು ಬಿಲ ಕಟ್ಟಿಕೊಂಡಿವೆ. ನೆರಳು ಸರಿದರೆ ಬಿಲಕ್ಕೆ ನುಗ್ಗುತ್ತವೆ, ಒಮ್ಮೊಮ್ಮೆ ಎರಡು ಮೂರು ದಿನ ಹೊರಗೆ ಮುಖ ತೋರಿಸುವುದಿಲ್ಲ. ತೀರ ಹೆದರಿದರೆ ಬಿಲದ ದಾರಿಯನ್ನೂ ಮರೆತು ಮೇಲಕ್ಕೆ ಹಾರುತ್ತವೆ. ಅದಕ್ಕೇ ತೊಟ್ಟಿಯ ಮೇಲೆ ಸಣ್ಣ ಕಣ್ಣಿನ ಜಾಲರಿ. ಅತ್ತೆ ಇಂದುಬಾಯಿ ಅವನ್ನು ಬಿಲದ ಮೀನು ಅನ್ನುತ್ತಾಳೆ.

ಬಿಲದ ಮೀನು ಬಂದ ಮೇಲೆ ಮನೆಯ ಸದ್ದುಗಳೆಲ್ಲ ಹಿತ್ತಲಿಗೆ ಹೋದವು. ಕುಕ್ಕರಿನ ಸೀಟಿ ಹಿತ್ತಲಿಗೆ. ಮಿಕ್ಸರ್ ಹಿತ್ತಲಿಗೆ. ಜೋಳದ ರೊಟ್ಟಿ ಬಡಿಯುವುದಂತೂ ಒಳಗೆ ಆಗದ ಮಾತು. ಅಡಿಗೆ ಮನೆಯ ಕಲ್ಲುಕಟ್ಟೆಯ ಗೋಡೆಯಾಚೆ ಮಗ್ಗುಲಿಗೇ ತೊಟ್ಟಿ ಇದೆ, ಇಲ್ಲಿ ಅಂಗೈ ಬಿದ್ದರೆ ಅಲ್ಲಿ ನೀರು ನಡುಗುತ್ತದೆ. ಬೀದಿಯ ಬೆಳಕು ಬೀಳಬಾರದೆಂದು ಮುಂಬಾಗಿಲು ಹಗಲೆಲ್ಲ ಮುಚ್ಚಿಯೇ ಇರುತ್ತದೆ.

ಪಾತ್ರೆ ತಿಕ್ಕಲು ಬರುವ ಸಿದ್ದಲಿಂಗವ್ವ ಒಂದು ದಿನ ತೊಟ್ಟಿಯ ಮುಂದೆ ನಿಂತು ಕೇಳಿದ್ದಳು. "ಇದರಾಗ ಗಂಡ ಯಾವುದ ಅಕ್ಕಾ?"

"ಯಾಂವ ಬಲ್ಲ? ಎರಡೂ ಕಲ್ಲ ಹೊರತಾವ ನೋಡು" ಅಂದಿದ್ದಳು ವಿಜಯಶ್ರೀ.

"ಎರಡೂ ಹೊರತಾವ? ಹಂಗಾರ ಗಂಡ ಮುಂಬೈದಾಗ ಉಳದೈತಿ ತಗಿ."

ಇಬ್ಬರೂ ಬಾಯಿಗೆ ಸೆರಗು ಒತ್ತಿ ನಕ್ಕಿದ್ದರು, ಮೀನು ಹೆದರೀತು ಅಂತ.

ವಿಜಯಶ್ರೀ ಹುಟ್ಟಿದ್ದು ಅಗರಖೇಡದಲ್ಲಿ. ಇಂಡಿ ಊರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ದಿನಗಳಲ್ಲಿ ಅವಳ ನಗು ಡ್ರೈವರಿನ ತನಕ ಕೇಳುತ್ತಿತ್ತು ಅಂತ ಗೆಳತಿಯರು ಈಗಲೂ ಹೇಳುತ್ತಾರೆ. ಈಗ ಅವಳು ನಡೆದರೆ ಕಾಲ್ಗೆಜ್ಜೆಯೂ ಸದ್ದು ಮಾಡುವುದಿಲ್ಲ, ಗೆಜ್ಜೆಗಳನ್ನು ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದಾಳೆ. ಎಡಗೈಯ ಕಿರುಬೆರಳು ಸೊಟ್ಟಗಿದೆ.

ಆ ಬೆರಳಿನ ಕತೆ ಇಷ್ಟು. ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ ತೊಟ್ಟಿಯಲ್ಲಿ ಹಳದಿ ಮೀನೊಂದು ಸತ್ತಿತ್ತು. ಸುನೀಲಕುಮಾರ ಕೂಗಾಡುವವನಲ್ಲ. ಸಿಟ್ಟು ಬಂದರೆ ಅವನ ದನಿ ಇಳಿಯುತ್ತದೆ. ಮೊದಲು ಕಿಟಕಿ ಮುಚ್ಚುತ್ತಾನೆ. "ಒಳಗ ಬಾ" ಅನ್ನುತ್ತಾನೆ. ಆಮೇಲೆ ಬಾಗಿಲು. ಆ ದಿನ ಒಳಗೆ ಹೋಗಲು ಹೆದರಿ ಅವಳು ಚೌಕಟ್ಟು ಹಿಡಿದು ನಿಂತಿದ್ದಳು. ಬಾಗಿಲು ಬೆರಳ ಮೇಲೆ ಬಿತ್ತು. ಇಂದುಬಾಯಿ ಗುಡಿಯಿಂದ ಬಂದವಳೇ, ಯಾರೂ ಏನೂ ಕೇಳುವ ಮೊದಲೇ, "ಗಾಳಿಗೆ ಬಾಗಲಾ ಬಡೀತು" ಅಂದಳು. ಡಾಕ್ಟರಿಗೂ ಅದನ್ನೇ ಹೇಳಿದರು. ತವರಿಗೂ ಅದನ್ನೇ. ಆ ದಿನ ಬೇವಿನ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ.

ಎದುರು ಮನೆಯ ಅಲ್ಮಾಸ ಮಾತ್ರ ಒಪ್ಪಿರಲಿಲ್ಲ. ಬೀದಿಗೆ ಮುಖ ಮಾಡಿ ಹೊಲಿಗೆ ಮಷಿನ್ ಹಾಕಿಕೊಂಡು ಕೂಡುವ ಅವಳು ಸೂಜಿಗೆ ದಾರ ಪೋಣಿಸುತ್ತಲೇ ಅಂದಿದ್ದಳು. "ನಿಮ್ಮ ಮನೀ ಗಾಳಿ ಭಾಳ ಶಾಣ್ಯಾ ಐತಿ ಬಿಡು ವಿಜಕ್ಕಾ. ಕಿಡಕಿ ಹಾಕಿಕೊಂಡ ಬೀಸತೈತಿ."

ಆದರೆ ವಿಜಯಶ್ರೀಯ ಏಳು ವರ್ಷದ ಮಗಳು ಐಶ್ವರ್ಯ ಗಾಳಿಯ ಮಾತನ್ನು ನಂಬಿದ್ದಳು. ಆಷಾಢದ ಗಾಳಿ ಎದ್ದರೆ ಸಾಕು, ಆ ಮಗು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಓಡಾಡುತ್ತಿತ್ತು.

ಈ ಆಷಾಢದ ಆ ಬೆಳಿಗ್ಗೆ ವಿಜಯಶ್ರೀ ತೊಟ್ಟಿಯ ಅಂಚು ಒರೆಸಲು ಹೋದಾಗ ಮೇಲೆ ಜಾಲರಿ ಇರಲಿಲ್ಲ. ಹಿಂದಿನ ಸಂಜೆ ಸುನೀಲಕುಮಾರ ಪಂಪಿನ ಕಂಪನಿಯ ಸಾಹೇಬರಿಗೆ ಕಳಿಸಲು ಮೀನಿನ ವಿಡಿಯೋ ತೆಗೆದಿದ್ದ. ಜಾಲರಿಯ ನೆರಳು ಬೀಳುತ್ತದೆಂದು ತೆಗೆದು ಸೋಫಾದ ಹಿಂದೆ ಒರಗಿಸಿದವನು ಹಾಗೇ ಮರೆತಿದ್ದ. ಅವಳು ಅದನ್ನು ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಹಿಂದೊಮ್ಮೆ ಜಾಲರಿಯ ಕೊಂಡಿ ಅವಳ ಕೈಯಲ್ಲಿ ಮುರಿದಾಗ, "ಇನ್ನ ಇದನ್ನ ನೀ ಮುಟ್ಟಬ್ಯಾಡ" ಅಂದಿದ್ದ, ಅದೇ ಇಳಿದ ದನಿಯಲ್ಲಿ. ಎದ್ದ ಮೇಲೆ ಹೇಳೋಣ ಅಂದುಕೊಂಡಳು. ಎದ್ದವನು ಬಾಗೇವಾಡಿಗೆ ಹೋಗುವ ಅವಸರದಲ್ಲಿದ್ದ. ಚಹಾ ಕೊಡುವಾಗ ಬಾಯಿ ತೆರೆದಳು. ಅವನು ಫೋನಿನಿಂದ ಕಣ್ಣು ಎತ್ತದೆ, "ಏನ?" ಅಂದ. "ಏನಿಲ್ರಿ" ಅಂದಳು. ಮೋಟಾರ್ ಸೈಕಲ್ ಹೋದ ಮೇಲೂ ಜಾಲರಿಯನ್ನು ಮುಟ್ಟಲು ಅವಳಿಗೆ ಧೈರ್ಯ ಬರಲಿಲ್ಲ.

ಹೊಲದಲ್ಲಿ ಕಳೆ ತೆಗೆಯುವವರಿಗೆ ಬುತ್ತಿ ಹೋಗಬೇಕಿತ್ತು. ಹಿತ್ತಲಿನ ಒಲೆಯನ್ನು ಗಾಳಿ ಹೊತ್ತಲು ಬಿಡಲಿಲ್ಲ. ಹೊತ್ತಿಸಿದಷ್ಟೂ ಆರಿತು, ಬೂದಿ ಎದ್ದು ಹಿಟ್ಟಿಗೆ ಬಿತ್ತು.

"ಒಳಗ ಬಡಿ ಇವತ್ತೊಂದಿನ. ಆಳು ಹಸಕೊಂಡ ಕೂತಿರ್ತಾವ" ಅಂದಳು ಇಂದುಬಾಯಿ.

"ಜಾಳಿ ಇಲ್ರಿ ಅತ್ತಿ ಮ್ಯಾಲ."

"ಮೆತ್ತಗ ಬಡಿ ಅಂದರ."

ವಿಜಯಶ್ರೀ ಮೆತ್ತಗೇ ಬಡಿದಳು, ನಿದ್ದೆ ಹೋದ ಕೂಸಿನ ಬೆನ್ನು ತಟ್ಟಿದಷ್ಟು. ಹಾಗೆ ತಟ್ಟಿದರೆ ಜೋಳದ ರೊಟ್ಟಿ ಹರಡುವುದಿಲ್ಲ, ಅಂಚು ಬಿರಿಯುತ್ತದೆ. ಮೊದಲನೆಯದು ಹಂಚಿನ ಮೇಲೆ ಮುರಿಯಿತು, ಎರಡನೆಯದೂ ಮುರಿಯಿತು. "ಇವೇನ ರೊಟ್ಟಿ? ಆಳು ನಗತಾವ" ಅಂದಳು ಇಂದುಬಾಯಿ. ವಿಜಯಶ್ರೀಯ ಅಂಗೈ ತನಗೆ ತಿಳಿದ ಹಾಗೆ ಎದ್ದು ಬಿತ್ತು, ಅಗರಖೇಡದ ಅಡಿಗೆ ಮನೆಯಲ್ಲಿ ಬೀಳುತ್ತಿದ್ದ ಹಾಗೆ. ರೊಟ್ಟಿ ಚಂದ್ರನಂತೆ ತಿರುಗಿತು. ಗೋಡೆಯಾಚೆ ಒದ್ದೆ ಬಟ್ಟೆ ನೆಲಕ್ಕೆ ಬಿದ್ದಂಥ ಸದ್ದಾಯಿತು.

ತೊಟ್ಟಿಗೂ ಗೋಡೆಗೂ ನಡುವೆ ಕೈ ಹಿಡಿಸದಷ್ಟು ಸಂದು. ಅದರೊಳಗೆ ಏನೋ ಪಟಪಟ ಬಡಿದುಕೊಳ್ಳುತ್ತಿತ್ತು. ಪೊರಕೆಯ ಹಿಡಿಯಿಂದ ಎಳೆದು ಎಳೆದು ಅದನ್ನು ಈಚೆ ತರುವಷ್ಟರಲ್ಲಿ ಬಡಿತ ನಿಂತಿತ್ತು. ನೇರಳೆ ಮೈಗೆಲ್ಲ ಧೂಳು, ಒಂದು ಕೂದಲೆಳೆ. ಬೊಗಸೆಯಲ್ಲಿ ಹಿಡಿದು ನೀರಿಗೆ ಬಿಟ್ಟಳು. ಮಗ್ಗುಲಾಗಿ ತೇಲಿತು. ಕಿವಿರು ಒಮ್ಮೆ ತೆರೆಯಿತು, ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ ತೆರೆಯಿತು. ಜೊತೆಯ ಮೀನು ಬಿಲದ ಬಾಯಿಗೆ ಬಂದು ನೋಡಿ ಒಳಗೆ ಸರಿಯಿತು. ವಿಜಯಶ್ರೀ ಜಾಲರಿ ಎತ್ತಿ ತೊಟ್ಟಿಗೆ ಮುಚ್ಚಿದಳು. ಕೊಂಡಿಗಳು ಸಲೀಸಾಗಿ ಕೂತವು.

ಬುತ್ತಿ ಹೋಗುವ ಹೊತ್ತಿಗೆ ಮೀನು ಸತ್ತಿತ್ತು.

ಇಂದುಬಾಯಿ ಗಾಜಿನ ಮುಂದೆ ಬಹಳ ಹೊತ್ತು ನಿಂತಳು. ಆ ಮನೆಯಲ್ಲಿ ದನಿ ಇಳಿಸಿ ಮಾತಾಡುವುದನ್ನು ಕಲಿಸಿದವರು ಸುನೀಲಕುಮಾರನ ತಂದೆ. ಅವರು ತೀರಿಕೊಂಡು ವರ್ಷಗಳಾದರೂ ಇಂದುಬಾಯಿ ಬಾಗಿಲಿಗೆ ಬೆನ್ನು ಕೊಟ್ಟು ಕೂಡುವುದಿಲ್ಲ.

"ಬಿಲದಾಗ ಐತಿ ಅನ್ನು" ಅಂದಳು.

"ಎಷ್ಟ ದಿನಾ ಅನ್ನೂದ್ರಿ?"

"ಹಂಗಾರ ಸಿದ್ದಲಿಂಗವ್ವ ನೆಲಾ ಒರಸೂ ಮುಂದ ಜಾಳಿ ತಗದಳು ಅನ್ನು. ನಾನೂ ಹೌದಂತೇನಿ. ಅಕಿಗೇನ, ಇನ್ನೊಂದ ಮನಿ ಸಿಗತೈತಿ."

"ಅಕಿ ಏನ ಮಾಡ್ಯಾಳ್ರಿ ಅತ್ತಿ?"

"ನೀ ಏನ ಮಾಡೀಯವ್ವಾ ಹಂಗಾರ? ನಾ ಏನ ಮಾಡಿದ್ನಿ?" ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಒಬ್ಬರ ಮ್ಯಾಲ ಬೀಳಬೇಕಲ್ಲ ಅದು."

ಮಧ್ಯಾಹ್ನ ಹೊರಳಿದ ಮೇಲೆ ಫೋನು ಬಂತು. ಸುನೀಲಕುಮಾರನ ದನಿ ಖುಷಿಯಲ್ಲಿತ್ತು. "ಸಾಹೇಬರಿಗೆ ವಿಡಿಯೋ ಭಾಳ ಸೇರೈತಿ. ನಾಳೆ ಮನೀಗಿ ಬರ್ತಾರಂತ ಮೀನ ನೋಡಾಕ. ಹಾಂ, ಜಾಳಿ ಹಾಕೀಯಿಲ್ಲ?"

ವಿಜಯಶ್ರೀ ಜಾಲರಿಯ ಕಡೆ ನೋಡಿದಳು. "ಹಾಕೇನ್ರಿ."

"ಮತ್ತ, ಅದೂ ನಾನ ಹೇಳಬೇಕೇನ? ಹೂವಿನ ಹಿಪ್ಪರಗಿ ದಾಟೇನಿ. ಚಾ ಇಡು."

ಫೋನು ಕೆಳಗಿಟ್ಟಾಗ ಅವಳಿಗೆ ತಿಳಿಯಿತು. ಮುಟ್ಟಬೇಡ ಅಂದ ಜಾಲರಿ ಅವನ ಬಾಯಲ್ಲಿ ಈಗಾಗಲೇ ಅವಳ ಕೆಲಸವಾಗಿತ್ತು.

ಇಂದುಬಾಯಿ ಚಪ್ಪಲಿ ಮೆಟ್ಟುತ್ತಿದ್ದಳು. "ನಾ ಗುಡಿಗಿ ಹೋಗಿ ಬರ್ತೇನಿ." ಹೋದ ಸಲವೂ ಇದೇ ಹೊತ್ತಿಗೆ ಹೋಗಿದ್ದಳು. ಹೊಸ್ತಿಲು ದಾಟಿದವಳು ತಿರುಗಿ, ಸೊಸೆಯ ಮುಖ ನೋಡದೆ, "ಸಿದ್ದಲಿಂಗವ್ವನ ಹೆಸರ ಹೇಳು" ಅಂದು ಬಾಗಿಲು ಎಳೆದುಕೊಂಡು ಹೋದಳು.

ಸಾಲೆಯಿಂದ ಬಂದ ಐಶ್ವರ್ಯಳನ್ನು ವಿಜಯಶ್ರೀ ಒಳಗೆ ಕರೆಯಲೇ ಇಲ್ಲ. ಪಾಟಿಚೀಲದ ಸಮೇತ ಅಲ್ಮಾಸಳ ಮನೆಗೆ ಕಳಿಸಿದಳು. "ಯಾಕವ್ವಾ?" ಅಂತ ಮಗು ಕೇಳಿತು. ಅದರ ಕೈಗಳು ಆಗಲೇ ಬೆನ್ನ ಹಿಂದಿದ್ದವು.

ಈಗ ಮನೆಯಲ್ಲಿ ಅವಳು, ಸತ್ತ ಮೀನು, ಬಿಲದೊಳಗಿನ ಇನ್ನೊಂದು. ನೀರಿನ ಪಂಪು ಗುರ್ರೆನ್ನುತ್ತಿತ್ತು. ಸತ್ತದ್ದನ್ನು ಬದನೆ ಗಿಡದ ಬುಡದಲ್ಲಿ ಹೂಳಬಹುದಿತ್ತು. ಬಿಲದಲ್ಲಿದೆ ಅಂದರೆ ಇವತ್ತಿನ ರಾತ್ರಿ ಕಳೆಯುತ್ತಿತ್ತು, ನಾಳೆ ಸಾಹೇಬರ ಮುಂದೆ ಅವನು ನಗುತ್ತಿದ್ದ, ಸಾಹೇಬರು ಹೋದ ಮೇಲೆ ಕಿಟಕಿ ಮುಚ್ಚುತ್ತಿದ್ದ. ಸಿದ್ದಲಿಂಗವ್ವನ ಹೆಸರು ಹೇಳಿದರೆ ಬಹುಶಃ ಕಿಟಕಿ ತೆರೆದೇ ಇರುತ್ತಿತ್ತು. ಆ ಹೆಸರು ನಾಲಿಗೆಯ ತುದಿಗೆ ಬಂದದ್ದು ಸುಳ್ಳಲ್ಲ. ಒಮ್ಮೆ ಸಣ್ಣಗೆ ಅಂದೂ ನೋಡಿದಳು. ಕೇಳಿದರೆ ಅದು ಇಂದುಬಾಯಿಯ ದನಿಯ ಹಾಗೇ ಇತ್ತು.

ಮೀನನ್ನು ಎತ್ತಿ ಸ್ಟೀಲಿನ ತಾಟಿನಲ್ಲಿಟ್ಟಳು, ದಿನಾ ರೊಟ್ಟಿ ಬಡಿಸುವ ತಾಟು ಅದು. ಕೈ ತೊಳೆಯಲಿಲ್ಲ.

ಮುಂಬಾಗಿಲಿನ ಅಗುಳಿ ತೆಗೆದು ಎರಡೂ ಕದಗಳನ್ನು ಗೋಡೆಯ ತನಕ ತಳ್ಳಿದಳು. ಇಳಿಬಿಸಿಲು ಪಡಸಾಲೆಗೆ ನುಗ್ಗಿ ಗಾಜಿನ ಮೇಲೆ ಬಿತ್ತು. ಒಳಗಿನ ಮೀನು ಎಲ್ಲಿ ಅಡಗಿತೋ ಅವಳು ನೋಡಲಿಲ್ಲ. ಗಾಳಿ ಬಂದು ಕದ ಹಿಂದಕ್ಕೆ ಬಡಿಯಿತು, ಅವಳ ಎಡಗೈ ತಾನಾಗಿ ಸೆರಗಿನೊಳಗೆ ಹೋಯಿತು. ಅಡಿಗೆ ಮನೆಗೆ ಹೋಗಿ ಒರಳಿನ ಗುಂಡನ್ನು ಎದೆಗೊತ್ತಿ ಎತ್ತಿಕೊಂಡು ಬಂದು ಒಂದು ಕದಕ್ಕೆ ಇಟ್ಟಳು. ಇನ್ನೊಂದು ಕದಕ್ಕೆ ಸಮುದ್ರದ ಉಪ್ಪು ತುಂಬಿದ ಡಬ್ಬವನ್ನು ದರದರ ಎಳೆದು ತಂದಳು. ಆ ಮನೆಯಲ್ಲಿ ಅಷ್ಟು ದೊಡ್ಡ ಸದ್ದಾಗಿ ಬಹಳ ದಿನವಾಗಿತ್ತು.

ಚಹಾ ಇಡಲಿಲ್ಲ. ತಾಟು ಹಿಡಿದು ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ, ಬೀದಿಗೆ ಮುಖ ಮಾಡಿ ಕೂತಳು. ಎದುರು ಮನೆಯಲ್ಲಿ ಅಲ್ಮಾಸಳ ಮಷಿನ್ ನಿಂತಿತು. ಅಲ್ಮಾಸ ತಾಟಿನ ಕಡೆ ನೋಡಿದಳು, ತೆರೆದ ಬಾಗಿಲಿನ ಕಡೆ ನೋಡಿದಳು, ಗುಂಡಿನ ಕಡೆಯೂ ನೋಡಿದಳು. ಮಷಿನ್ ಮತ್ತೆ ಶುರುವಾಗಲಿಲ್ಲ.

ಅವನು ಬರುತ್ತಾನೆ, ದನಿ ಇಳಿಸಿ "ಒಳಗ ಬಾ" ಅನ್ನುತ್ತಾನೆ. ಆಗ ಹೇಳಬೇಕಾದ ಮಾತನ್ನು ವಿಜಯಶ್ರೀ ಬಾಯಿಪಾಠ ಮಾಡಿಕೊಂಡಳು. "ಇಲ್ಲೇ ಹೇಳ್ತೇನ್ರಿ." ಮೊದಲ ಸಲ ದನಿಯೇ ಹೊರಡಲಿಲ್ಲ. ಎರಡನೆಯ ಸಲ ಒಡೆದು ಬಂತು. ಮೂರನೆಯ ಸಲ ಅಂದದ್ದು ಬಹುಶಃ ಎದುರು ಮನೆಗೂ ಕೇಳಿಸಿತು.

ಓಣಿಯ ತಿರುವಿನಲ್ಲಿ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು. ಗಾಳಿ ಕದವನ್ನು ನೂಕಿತು. ಗುಂಡು ಅಲುಗಲಿಲ್ಲ. ವಿಜಯಶ್ರೀ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು ತಾಟಿನ ಅಂಚನ್ನು ಹಿಡಿದುಕೊಂಡಳು.